ಗನ್ ಮೆಟಲ್ಲೋ ಹಿತ್ತಾಳೆನೋ: ಒಂದು ಬುಷ್, ಒಂದು ಡಬ್ಬ ನೀರು, ಅಮ್ಮನ ಬೆಳ್ಳಿ ರೂಪಾಯಿ

ಹಾಸನಾಂಬೆ ಬಾಗಿಲು ತೆಗೆದ್ರೆ ನಮ್ಮ ಅಂಗಡಿಗೆ ಕೆಲಸ ಕಮ್ಮಿ. ಕೆಲಸ ಇಲ್ಲ ಅಂತಲ್ಲ, ಊರೊಳಗೆ ಗಾಡಿ ನುಗ್ಗೋಕೇ ಜಾಗ ಇರಲ್ಲ, ಎಲ್ಲಿ ನೋಡಿದ್ರೂ ಬ್ಯಾರಿಕೇಡು, ಕ್ಯೂ, ಹಳ್ಳಿ ಕಡೆಯಿಂದ ಮೋಟರ್ ತರೋರು "ಹಬ್ಬ ಕಳೀಲಿ ಕಣಣ್ಣ, ಬಲಿಪಾಡ್ಯಮಿ ಆದ್ಮೇಲೆ ತತ್ತೀನಿ" ಅಂತ ಫೋನಲ್ಲೇ ಮುಗಿಸಿಬಿಡ್ತಾರೆ. ನಂದು ಮೋಟರ್ ರಿವೈಂಡಿಂಗು, ಪಂಪ್‌ಸೆಟ್ ರಿಪೇರಿ. ವರ್ಷದಲ್ಲಿ ಕೈ ಖಾಲಿ ಇರೋದು ಈ ಕೆಲವು ದಿನ ಮಾತ್ರ, ಅದಕ್ಕೇ ಇಷ್ಟೆಲ್ಲಾ ಆಟ ಆಡೋಕೆ ಆಯ್ತು.

ಅಂಥ ಟೈಮಲ್ಲಿ ಆಲೂರು ಕಡೆ ಗೌಡ್ರೊಬ್ರು ಬೈಕ್ ಎಲ್ಲೋ ದೂರ ನಿಲ್ಸಿ ನಡ್ಕೊಂಡು ಬಂದು ಟೇಬಲ್ ಮೇಲೆ ಎರಡು ಬುಷ್ ಇಟ್ರು, ಅಂದ್ರೆ ಪಂಪಿನ ಶಾಫ್ಟ್ ಒಳಗೆ ಕೂತು ತಿರುಗೋ ಲೋಹದ ಬಳೆ. ಒಂದು ಹಳೇದು, ಅವರ ಬೋರ್‌ವೆಲ್ ಪಂಪಿಂದ ಬಿಚ್ಚಿದ್ದು, ಒಳಗೆ ಸವೆದು ಅಂಡಾಕಾರ ಆಗಿತ್ತು. ಇನ್ನೊಂದು ಹೊಸದು, ಬೇರೆ ಕಡೆ ತಗೊಂಡಿದ್ದು, ಗನ್ ಮೆಟಲ್ ಅಂತ ಹೇಳಿ ಗನ್ ಮೆಟಲ್ ರೇಟೇ ಇಸ್ಕೊಂಡಿದ್ದಾರೆ.

"ನೋಡಪ್ಪ, ಇದು ನಿಜ್ವಾಗ್ಲೂ ಗನ್ ಮೆಟಲ್ಲಾ, ಇಲ್ಲ ಹಿತ್ತಾಳೆ ತಗಲಾಕಿದ್ದಾರಾ?"

"ಒಂದು ಸಲ ಅರ ಹಾಕಿ ನೋಡಿದ್ರೆ ಬಣ್ಣದಲ್ಲೇ ಗೊತ್ತಾಗ್ತದೆ ಗೌಡ್ರೆ."

"ಅರ ಗಿರ ಹಾಕ್ಬೇಡ ಮಾರಾಯ, ಗೀರು ಬಿದ್ರೆ ವಾಪಸ್ ತಗೊಳಲ್ಲ ಅಂತಾನೆ ಅವ್ನು."

ಅಲ್ಲಿಗೆ ನನ್ನ ವಿದ್ಯೆ ಮುಗೀತು. ಗನ್ ಮೆಟಲ್ ಕೆಂಪಗೆ, ಹಿತ್ತಾಳೆ ಹಳದಿ, ಹೊಸದಾಗಿ ಕಡೆದಿದ್ರೆ ಕಣ್ಣಿಗೇ ಕಾಣ್ತದೆ, ಆದ್ರೆ ಈ ಬುಷ್‌ಗೆ ಮೇಲೆಲ್ಲಾ ಎಂಥದೋ ಕಂದು ಬಣ್ಣದ ಎಣ್ಣೆ ಬಳಿದು ಒಣಗಿಸಿದ್ರು. ಯಾಕೆ ಈ ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂದ್ರೆ, ಗನ್ ಮೆಟಲ್‌ನಲ್ಲಿ ತಾಮ್ರದ ಜೊತೆ ಇರೋದು ಮುಖ್ಯವಾಗಿ ತವರ, ಹಳೇ ಲೆಕ್ಕದಲ್ಲಿ 88 ಭಾಗ ತಾಮ್ರ 10 ತವರ 2 ಸತು, ಈಗ ಜಾಸ್ತಿ ಓಡೋದು 85 ತಾಮ್ರಕ್ಕೆ ತವರ ಸೀಸ ಸತು ಐದೈದು. ಹಿತ್ತಾಳೆಲಿ ಇರೋದು ಸತು, ಅದೂ ಬುಷ್ ಮಾಡೋ ಮಾಮೂಲಿ ಹಿತ್ತಾಳೆಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿನೇ ಇರ್ತದೆ. ಬೋರ್ ನೀರಲ್ಲಿ ವರ್ಷಾನುಗಟ್ಟಲೆ ಮುಳುಗಿದ್ರೆ ಹಿತ್ತಾಳೆಯಿಂದ ಸತು ಮೆಲ್ಲಗೆ ನೀರಿಗೆ ಹೊರಟು ಹೋಗಿ ಕೆಂಪಗೆ ಸ್ಪಂಜಿನ ಥರ ತಾಮ್ರ ಮಾತ್ರ ಉಳೀತದೆ, ಉಗುರಲ್ಲಿ ಕೆರೆದ್ರೆ ಉದುರ್ತದೆ. ಅಂಥ ಬುಷ್ ನಾನೇ ಎಷ್ಟೋ ಬಿಚ್ಚಿದೀನಿ. ಪಂಪ್ ಎತ್ತಿಸಿ ಇಳ್ಸೋ ಖರ್ಚಿನ ಮುಂದೆ ಬುಷ್ ದುಡ್ಡು ಯಾವ ಲೆಕ್ಕ.

ಗೀರದೆ ಹೇಗೆ ನೋಡೋದು ಅಂತ ಯೋಚನೆ ಮಾಡ್ತಾ ಕೂತಾಗ ನೆನಪಾಗಿದ್ದು ಸಾಂದ್ರತೆ, ಅಂದ್ರೆ ಒಂದು ಎಂಎಲ್ ಗಾತ್ರಕ್ಕೆ ಎಷ್ಟು ಗ್ರಾಂ ಅನ್ನೋದು. ನಮ್ಮೂರಲ್ಲಿ ಇದೇನು ಹೊಸದಲ್ಲ, ಬಿತ್ತನೆ ಭತ್ತಾನ ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳು ತೆಗೀತಾರೆ, ಉಪ್ಪು ಸಾಕಾ ಅಂತ ನೋಡೋಕೆ ಅದೇ ನೀರಿಗೆ ಮೊಟ್ಟೆ ಬಿಡ್ತಾರೆ. ಸಕಲೇಶಪುರದ ಕಡೆ ನಮ್ಮ ಭಾವನ ಮನೇಲಿ ಕಾಫಿ ಹಣ್ಣು ಪಲ್ಪರ್‌ಗೆ ಹೋಗೋ ಮುಂಚೆ ತೊಟ್ಟಿ ನೀರಲ್ಲಿ ತೇಲೋದು ಬೇರೆ ಮುಳುಗೋದು ಬೇರೆ. ಬುಷ್ ಏನು ತೇಲಲ್ಲ, ಆದ್ರೆ ಮುಳುಗಿದ್ರೂ ನೀರು ಅದನ್ನ ಎಷ್ಟು ಎತ್ತಿ ಹಿಡೀತದೆ ಅನ್ನೋದನ್ನ ತೂಗಬೋದು.

ಮೊದಲು ದಡ್ಡನ ಥರ ಆರ್ಕಿಮಿಡೀಸ್ ಕಥೆ ನಂಬ್ಕೊಂಡು ಹೋದೆ, ವಸ್ತು ಮುಳುಗಿಸು, ನೀರು ಎಷ್ಟು ಏರ್ತು ನೋಡು ಅಂತ. ಮಗಳ ಸೈನ್ಸ್ ಪ್ರಾಜೆಕ್ಟಿಗೆ ತಂದಿದ್ದ 250 ಎಂಎಲ್ ಅಳತೆ ಜಾಡಿ ಇತ್ತು, ಬುಷ್ ಅದರೊಳಗೆ ತೂರೋದೇ ಕಷ್ಟ, ತೂರಿದ್ಮೇಲೆ ನೋಡಿದ್ರೆ ಗೆರೆ ಇರೋದು ಎರಡೆರಡು ಎಂಎಲ್‌ಗೆ. ಬುಷ್ ತೂಕ 212.35 ಗ್ರಾಂ. ಇದು ಗನ್ ಮೆಟಲ್ ಆಗಿದ್ರೆ ಸುಮಾರು 24.3 ಎಂಎಲ್ ನೀರು ಏರಬೇಕು, ಹಿತ್ತಾಳೆ ಆಗಿದ್ರೆ 25.1. ಒಂದು ಎಂಎಲ್ ಕೂಡ ವ್ಯತ್ಯಾಸ ಇಲ್ಲ. ಗೆರೆಗಳ ಮಧ್ಯೆ ಕಣ್ಣಂದಾಜು ಹೇಳಿದ್ರೆ ಗೌಡ್ರು ಬಿಟ್ಟಾರಾ. ನೀರಲ್ಲಿ ಮುಳುಗಿಸಿ ಚಿನ್ನದ ಕಲಬೆರಕೆ ಹಿಡಿದ ಆ ರಾಜನ ಕಿರೀಟದ ಕಥೆ ಹೇಳಿದ ವಿಟ್ರುವಿಯಸ್ ಅನ್ನೋ ರೋಮನ್ ಆರ್ಕಿಮಿಡೀಸ್ ಸತ್ತು ಇನ್ನೂರು ವರ್ಷದ ಹತ್ರ ಆದ್ಮೇಲೆ ಬರೆದಿದ್ದು. ಗೆಲಿಲಿಯೋಗೆ 22 ವರ್ಷ ಇದ್ದಾಗ, 1586ರಲ್ಲಿ, ನೀರು ಚೆಲ್ಲಿಸಿ ಅಳೆಯೋದು ಒರಟು ಕೆಲಸ, ಆರ್ಕಿಮಿಡೀಸ್ ಹಾಗೆ ಮಾಡಿರಲ್ಲ, ವಸ್ತುನ ನೀರೊಳಗೇ ತೂಗಿರ್ತಾನೆ ಅಂತ ಬರೆದು ತಾನೇ ಒಂದು ತಕ್ಕಡಿ ಮಾಡಿದ. ಆ ತಕ್ಕಡಿ ಕೋಲಿಗೆ ಸಣ್ಣ ತಂತಿ ಒತ್ತೊತ್ತಾಗಿ ಸುತ್ತಿ, ಚೂಪಾದ ಚೂರಿ ಮೊನೆ ಎಳ್ಕೊಂಡು ಹೋಗ್ತಾ ಟಿಕ್ ಟಿಕ್ ಸದ್ದು ಎಣಿಸಿ ಅಳತೆ ತಗೊಳ್ತಿದ್ದನಂತೆ. ಓದಿ ಖುಷಿಯಾಯ್ತು, ಆತನೂ ನಮ್ಮ ಕಸುಬಿನವನೇ, ತಂತಿ ಸುತ್ತೋನು.

ನನ್ನ ಹತ್ರ ಇದ್ದಿದ್ದು 500 ಗ್ರಾಂವರೆಗಿನ ಪಾಕೆಟ್ ತೂಕದ ಮಿಷಿನ್ನು, 0.01 ಗ್ರಾಂ ತೋರಿಸೋದು, ವಾರ್ನಿಷ್‌ಗೆ ಹಾರ್ಡನರ್ ಬೆರೆಸೋಕೆ ಅಂತ ಆನ್‌ಲೈನಲ್ಲಿ ತರ್ಸಿದ್ದೆ. ಮಾಡೋ ಕ್ರಮ ಇಷ್ಟೇ. ಮಿಷಿನ್ ಮೇಲೆ ನೀರಿನ ಡಬ್ಬ ಇಡೋದು. ಬುಷ್‌ನ ಮೇಲಿಂದ ತಂತಿಲಿ ತೂಗು ಹಾಕಿ ನೀರೊಳಗೆ ಇಳಿಬಿಡೋದು, ತಳಕ್ಕೂ ಪಕ್ಕಕ್ಕೂ ತಾಗಬಾರ್ದು. ಬುಷ್ ಭಾರ ತಂತಿ ಮೇಲೇ ಇದೆ, ಆದ್ರೂ ಮಿಷಿನ್‌ನಲ್ಲಿ ತೂಕ ಏರ್ತದೆ, ಯಾಕಂದ್ರೆ ನೀರು ಬುಷ್‌ನ ಮೇಲಕ್ಕೆ ತಳ್ತಾ ಇದೆ, ತಳ್ಳಿದಷ್ಟೇ ಜೋರಲ್ಲಿ ಬುಷ್ಷೂ ನೀರನ್ನ ಕೆಳಕ್ಕೆ ಒತ್ತುತ್ತೆ, ಆ ಒತ್ತು ಡಬ್ಬದ ಮೂಲಕ ಮಿಷಿನ್‌ಗೆ ಬರ್ತದೆ. ಏರಿದ ಗ್ರಾಂ ಎಷ್ಟೋ ಅದು ಬುಷ್ ಜಾಗ ಮಾಡ್ಕೊಂಡ ನೀರಿನ ತೂಕ. ಗಾಳೀಲಿ ತೂಗಿದ್ದನ್ನ ಇದರಿಂದ ಭಾಗಿಸಿ, ನೀರಿನ ಸಾಂದ್ರತೆಯಿಂದ ಗುಣಿಸಿದ್ರೆ ಮುಗೀತು. ನಮ್ಮ ಹಾಸನದ ಅವತ್ತಿನ ಹವೆಗೆ ನೀರು 25 ಡಿಗ್ರಿ ಇತ್ತು, ಅದಕ್ಕೆ 0.997. ನಮ್ಮ ಹುಡುಗಂಗೆ ಇದು ನಂಬಿಕೆ ಬರ್ಲಿಲ್ಲ, ತೂಗು ಹಾಕಿರೋ ವಸ್ತು ಕೆಳಗಿನ ಮಿಷಿನ್‌ನಲ್ಲಿ ಹೇಗಣ್ಣ ತೂಕ ತೋರಿಸ್ತದೆ ಅಂತ. ನಿನ್ನ ಬೆರಳು ಅದ್ದು ಅಂದೆ. ಡಬ್ಬ ಮುಟ್ಟದೆ ನೀರಿಗೆ ಬೆರಳು ಇಳ್ಸಿದ, ಆರು ಗ್ರಾಂ ಏರ್ತು. ಆಮೇಲೆ ಮಧ್ಯಾಹ್ನದವರೆಗೂ ಎಲ್ಲರ ಬೆರಳು ತೂಗ್ತಾ ಕೂತಿದ್ದ.

ಸ್ಟ್ಯಾಂಡಿಗೆ ಹಳೇ ಸೀಲಿಂಗ್ ಫ್ಯಾನಿನ ರಾಡ್ ತಗೊಂಡು ಬೆಂಚ್ ವೈಸ್‌ಗೆ ಅಡ್ಡಡ್ಡ ಕಚ್ಚಿಸಿದೆ, ಅದರ ತುದಿ ಮಿಷಿನ್ ಮೇಲಕ್ಕೆ ಚಾಚ್ಕೊಂಡಿತ್ತು. ಡಬ್ಬಕ್ಕೆ ಒಂದು ಲೀಟರ್ ನೀರಿನ ಬಾಟಲ್ ಅರ್ಧಕ್ಕೆ ಕೊಯ್ದಿದ್ದು, ಸ್ಟೀಲ್ ಪಾತ್ರೆ ಇಟ್ರೆ ಅದರ ಭಾರಕ್ಕೇ 500 ಗ್ರಾಂ ಹತ್ರ ಬಂದುಬಿಡ್ತದೆ. ನೀರು ಕುದಿಸಿ ಆರಿಸಿದ್ದು, ಕುದಿಸದಿದ್ರೆ ಕರಗಿರೋ ಗಾಳಿ ಸಣ್ಣ ಸಣ್ಣ ಗುಳ್ಳೆ ಆಗಿ ಲೋಹಕ್ಕೆ ಅಂಟ್ಕೊಳತ್ತೆ.

ಮೊದಲ ದಿನ ಎಲ್ಲಾ ತಪ್ಪೇ. ತೂಗು ಹಾಕೋಕೆ ಕಾಯಿಲ್ ಕಟ್ಟೋ ಹತ್ತಿ ದಾರ ಬಳಸಿದೆ, ಅದು ದೀಪದ ಬತ್ತಿ ಥರ ನೀರು ಮೇಲಕ್ಕೆ ಹೀರ್ಕೊಂಡು ಹೋಗ್ತಾ ಇತ್ತು, ಹೀರಿದ ನೀರಿನ ಭಾರ ರಾಡ್ ಮೇಲೆ ಹೋಗ್ತದಲ್ಲ, ಮಿಷಿನ್‌ನಲ್ಲಿ ಅಂಕಿ ನಿಧಾನಕ್ಕೆ ಇಳೀತಾನೇ ಇತ್ತು, ನಾನು ಸೆಲ್ ವೀಕು ಅಂದ್ಕೊಂಡು ಹೊಸ ಸೆಲ್ ಬೇರೆ ತಂದೆ. ದಾರ ಬಿಚ್ಚಿ 36 ಗೇಜಿನ ವೈಂಡಿಂಗ್ ತಂತಿ ಹಾಕಿದ್ಮೇಲೆ ಸರಿಯಾಯ್ತು. ಅದು 0.19 ಮಿಲಿಮೀಟರ್ ದಪ್ಪ, ಐದು ಸೆಂಟಿಮೀಟರ್ ಮುಳುಗಿದ್ರೂ ಮಿಷಿನ್‌ಗೆ ಗೊತ್ತಾಗಲ್ಲ. ಎರಡನೇ ಕಾಟ ಮಿಷಿನ್ನಿನದೇ, ಒಂದು ನಿಮಿಷ ಸುಮ್ನೆ ಬಿಟ್ರೆ ತಾನೇ ಆಫ್ ಆಗ್ತದೆ, ಸೊನ್ನೆ ಮಾಡಿ ಇಟ್ಟಿದ್ದು ಹೋಯ್ತು. ಸೊನ್ನೆ ಮಾಡೋದೇ ಬಿಟ್ಟೆ, ಬರೀ ನೀರಿನ ಡಬ್ಬದ ತೂಕ ಚೀಟೀಲಿ ಬರೆದಿಟ್ಟು, ಬುಷ್ ಇಳಿಸಿದ ಮೇಲಿನ ತೂಕದಿಂದ ಕಳೆಯೋದು. ಫ್ಯಾನ್ ಹಾಕೋ ಹಾಗಿಲ್ಲ, ಬಾಗ್ಲಲ್ಲಿ ಯಾರಾದ್ರೂ ಜೋರಾಗಿ ನಡೆದ್ರೂ ಕೊನೆ ಅಂಕಿ ಕುಣೀತದೆ.

ಹಾಗೂ ಹೀಗೂ ಮೊದಲ ಸಲ ಬಂದಿದ್ದು 25.61. ಲೆಕ್ಕ ಹಾಕಿದ್ರೆ ಸಾಂದ್ರತೆ 8.27. ಇದು ಗನ್ ಮೆಟಲ್ಲೂ ಅಲ್ಲ, ಕಾಮನ್ ಹಿತ್ತಾಳೆನೂ ಅಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಬುಷ್ ಒಳಗೆ ನೀರು ಹರಿಯೋಕೆ ಕೊರೆದಿರೋ ಸಣ್ಣ ಕಾಲುವೇಲಿ ಸಾಲಾಗಿ ಗುಳ್ಳೆ ಕೂತಿದಾವೆ, ಸಾಬಕ್ಕಿ ಪಾಯಸದಲ್ಲಿ ಇರ್ತವಲ್ಲ ಹಾಗೆ. ಪ್ರತಿ ಗುಳ್ಳೆನೂ ಲೋಹದ ಲೆಕ್ಕಕ್ಕೇ ಸೇರ್ತದೆ, ಗಾತ್ರ ಜಾಸ್ತಿ ತೋರಿಸಿ ಸಾಂದ್ರತೆ ಇಳಿಸ್ತದೆ. ಬುಷ್‌ನ ಪೆಟ್ರೋಲಲ್ಲಿ ತೊಳೆದು ಆ ಕಂದು ಎಣ್ಣೆ ಆದಷ್ಟು ತೆಗೆದು, ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ ಬಿಟ್ಟು, ನೀರೊಳಗೇ ಹಳೇ ಟೂತ್‌ಬ್ರಷ್‌ನಲ್ಲಿ ಆ ಕಾಲುವೆಯೆಲ್ಲಾ ಉಜ್ಜಿದೆ. ಆಮೇಲೆ ಡಬ್ಬ ಮಾತ್ರ 318.44, ಬುಷ್ ಸಮೇತ 343.46. ಅಂದ್ರೆ 25.02. ಎತ್ತಿ ಒರೆಸಿ ಮತ್ತೆ ಮಾಡಿದೆ, 25.03. ಮತ್ತೊಂದು ಸಲ, 25.02. ಸಾಂದ್ರತೆ 8.46.

ಹಳೇ ಬುಷ್ ಗಾಳೀಲಿ 187.90, ನೀರಲ್ಲಿ ಅದ್ದಿದಾಗ ಏರಿದ್ದು 21.39, ಸಾಂದ್ರತೆ 8.76.

ಎರಡೂ ಒಂದೇ ಲೋಹ ಅಲ್ಲ ಅಂತ ಅಲ್ಲೇ ಗೊತ್ತಾಯ್ತು. ಆದ್ರೂ ಗೌಡ್ರಿಗೆ ಫೋನ್ ಮಾಡೋ ಮುಂಚೆ ನನ್ನ ಮಿಷಿನ್ನು ಸುಳ್ಳು ಹೇಳ್ತಾ ಇಲ್ವಾ ನೋಡ್ಬೇಕಲ್ಲ. ಗೊತ್ತಿರೋ ಲೋಹ ಬೇಕು. ಅಂಗಡೀಲಿ ತಾಮ್ರಕ್ಕೇನು ಬರ, ಅಂತ ಸುಟ್ಟ ವೈಂಡಿಂಗ್ ತಂತಿ ಒಂದು ಹಿಡಿ ಉಂಡೆ ಮಾಡಿ ಅದ್ದಿದೆ, ತಂತಿಗಳ ಸಂದೀಲಿ ಗಾಳಿ ಸಿಕ್ಕಾಕೊಂಡು 8.6 ಬಂತು, ಬಿಸಾಕಿದೆ. ಆಮೇಲೆ ಪ್ಯಾನಲ್ ಬೋರ್ಡಿನ ಬಸ್ ಬಾರ್, ಅಂದ್ರೆ ಕರೆಂಟ್ ಹರಿಯೋ ತಾಮ್ರದ ಪಟ್ಟಿ, ಅದರ ತುಂಡು ಸಿಕ್ತು, ನುಣ್ಣಗೆ ಗಟ್ಟಿ, ಅದು 156.40ಕ್ಕೆ 17.46, ಸಾಂದ್ರತೆ 8.93. ತಾಮ್ರಕ್ಕೆ ಪುಸ್ತಕದಲ್ಲಿರೋದು 8.96, ಸಾಕು. ಗಲ್ಲಾಪೆಟ್ಟಿಗೇಲಿ ಹಳೇ ದಪ್ಪ ಐದು ರೂಪಾಯಿ ನಾಣ್ಯ ಕೂಡಿಟ್ಟಿದ್ದೆ, ಒಂದೊಂದು 9 ಗ್ರಾಂ ಇರ್ತಿತ್ತಲ್ಲ ಅದು, ಮುಕ್ಕಾಲು ಪಾಲು ತಾಮ್ರ ಕಾಲು ಪಾಲು ನಿಕ್ಕಲ್. ಹತ್ತು ನಾಣ್ಯ ಸೇರಿಸಿ 89.72 ಗ್ರಾಂ, ನೀರಲ್ಲಿ 10.03, ಸಾಂದ್ರತೆ 8.92. ಇದೂ ಸರಿ. ಇಲ್ಲೊಂದು ತಮಾಷೆ ಗಮನಕ್ಕೆ ಬಂತು, ತಾಮ್ರ 8.96, ನಿಕ್ಕಲ್ 8.91, ಎರಡೂ ಅಕ್ಕಪಕ್ಕ, ಹಂಗಾಗಿ ನಾಣ್ಯದಲ್ಲಿ ನಿಕ್ಕಲ್ ಕಾಲು ಪಾಲೋ ಅರ್ಧನೋ ಅಂತ ಈ ಡಬ್ಬದ ನೀರು ಯಾವ ಜನ್ಮಕ್ಕೂ ಹೇಳಲ್ಲ.

ಇಷ್ಟಾದ್ಮೇಲೆ ನನಗೆ ಹುಮ್ಮಸ್ಸು ಬಂತು. ಬರೀ ಹಿತ್ತಾಳೆ ಅಂತ ಹೇಳಿದ್ರೆ ಏನು, ಎಷ್ಟು ಪರ್ಸೆಂಟ್ ಸತು ಅಂತಾನೂ ಹೇಳೋಣ ಅಂತ ಲೆಕ್ಕಕ್ಕೆ ಕೂತೆ. ಲೆಕ್ಕ ಸುಲಭ. ಒಂದು ಗ್ರಾಂ ಮಿಶ್ರಣದ ಗಾತ್ರ ಅಂದ್ರೆ ಅದರಲ್ಲಿರೋ ತಾಮ್ರದ ಗಾತ್ರ, ಸತುವಿನ ಗಾತ್ರ ಕೂಡಿದ್ದು. ಒಂದು ಗ್ರಾಂ ತಾಮ್ರಕ್ಕೆ 1/8.96, ಸತುಗೆ 1/7.14, ನಮ್ಮ ಬುಷ್‌ಗೆ 1/8.46. ಉತ್ತರ ಬಂತು, ಸತು 23 ಪರ್ಸೆಂಟ್. ಚೀಟೀಲಿ ದೊಡ್ಡದಾಗಿ ಬರೆದು ಎರಡು ಗೆರೆ ಎಳೆದೆ.

ರಾತ್ರಿ ಮಲಗಿದ್ಮೇಲೆ ಅನುಮಾನ ಶುರುವಾಯ್ತು. ಬುಷ್ ಮಾಡೋ ಹಿತ್ತಾಳೆ ಸರಳಲ್ಲಿ ಸತು 23 ಇರೋದು ನಾನು ಕೇಳೇ ಇಲ್ಲ, ಲೇತ್‌ಗೆ ಬರೋ ಸರಳಲ್ಲಿ 38, 40ರ ಹತ್ರ ಇರ್ತದೆ. ಎದ್ದು ಮೊಬೈಲಲ್ಲಿ ಹ್ಯಾಂಡ್‌ಬುಕ್ ಅಂಕಿ ತೆಗೆದು ನೋಡ್ದೆ. 70 ತಾಮ್ರ 30 ಸತು ಹಿತ್ತಾಳೆ, ಇಡೀ ಪ್ರಪಂಚಕ್ಕೆ ಗೊತ್ತಿರೋ ಮಾಲು, ಸಾಂದ್ರತೆ 8.53. ನನ್ನ ಸೂತ್ರಕ್ಕೆ ಅದನ್ನೇ ಹಾಕಿದ್ರೆ 8.32 ಬರ್ತದೆ. ಸೂತ್ರನೇ ತಪ್ಪು! ಲೆಕ್ಕದಲ್ಲಿ ತಪ್ಪಿಲ್ಲ, ಗಾತ್ರ ಕೂಡ್ತೀವಿ ಅನ್ನೋ ನಂಬಿಕೆ ತಪ್ಪು. ಸತು ಒಂದೇ ಇದ್ದಾಗ ಅದರ ಪರಮಾಣುಗಳು ಒಂದು ದಿಕ್ಕಲ್ಲಿ ಸ್ವಲ್ಪ ಬಿಡುಬೀಸಾಗಿ ಕೂತಿರ್ತವೆ, ತಾಮ್ರದ ಜೋಡಣೆಯೊಳಗೆ ಸೇರ್ಕೊಂಡಾಗ ಆ ಸಡಿಲ ಹೋಗಿ ಒತ್ತಾಗ್ತವೆ, ಬಸ್ಸಲ್ಲಿ ಇಬ್ರ ಸೀಟಲ್ಲಿ ಮೂರು ಜನ ಕೂರ್ತಾರಲ್ಲ ಹಂಗೆ. ಅದಕ್ಕೇ ಮಿಶ್ರಣ ಕುಗ್ಗಿ ನಾವು ಅಂದ್ಕೊಂಡಿದ್ದಕ್ಕಿಂತ ಭಾರ. ಆ 70-30 ಹಿತ್ತಾಳೇನ ಯಾರಾದ್ರೂ ಸುಮ್ನೆ ತಂದುಕೊಟ್ಟಿದ್ರೆ ನಾನು ಸತು 20 ಪರ್ಸೆಂಟ್ ಅಂತ ಪ್ರಮಾಣ ಮಾಡಿ ಹೇಳ್ತಿದ್ದೆ.

ಹಂಗಾಗಿ ಸೂತ್ರ ಬಿಟ್ಟು ಅಳೆದು ಬರೆದಿರೋ ಅಂಕಿಗಳನ್ನ ಹಿಡಿದೆ. ಸತು 10 ಇದ್ರೆ 8.80, 15ಕ್ಕೆ 8.75, 20ಕ್ಕೆ 8.67, 30ಕ್ಕೆ 8.53, 35ಕ್ಕೆ 8.47, 40ಕ್ಕೆ 8.39. ಇದರ ಪ್ರಕಾರ ನಮ್ಮ ಬುಷ್ 35ರ ಹತ್ರ. ಇನ್ನೂ ಮುಗೀಲಿಲ್ಲ, ಲೇತ್ ಕೆಲಸಕ್ಕೆ ಅಂತ ಬರೋ ಹಿತ್ತಾಳೇಲಿ ಎರಡು ಮೂರು ಪರ್ಸೆಂಟ್ ಸೀಸ ಸೇರಿಸಿರ್ತಾರೆ, ಸೀಸ 11.34, ಅದು ಎಳೆದು ಸಾಂದ್ರತೆ ಮೇಲಕ್ಕೆ ತರ್ತದೆ, ಸತು 39 ಸೀಸ 3 ಇರೋ ಸರಳಿಗೂ ಪುಸ್ತಕದಲ್ಲಿ ಅದೇ 8.47! ಗೊತ್ತಿಲ್ಲದೆ ಇರೋದು ಎರಡು, ನನ್ನ ಕೈಲಿರೋ ಅಂಕಿ ಒಂದು. ಒಂದು ಸಮೀಕರಣದಲ್ಲಿ ಎರಡು ಎಕ್ಸು ಬಿಡಿಸೋಕೆ ಆಗಲ್ಲ ಅಂತ ಹೈಸ್ಕೂಲಲ್ಲಿ ಮೇಷ್ಟ್ರು ಕಿವಿ ಹಿಂಡಿದ್ದು ಈಗ ಅರ್ಥ ಆಯ್ತು. ಹಳೇ ಬುಷ್‌ದೂ ಅದೇ ಕಥೆ ನೋಡಿ, 8.76 ಅಂದ್ರೆ ಗನ್ ಮೆಟಲ್ ಆಗಬೋದು, 15 ಪರ್ಸೆಂಟ್ ಸತು ಇರೋ ಹಿತ್ತಾಳೆನೂ ಆಗಬೋದು, ನೀರಿಗೆ ಎರಡೂ ಒಂದೇ.

ಇನ್ನೊಂದು ಭಯ ಇತ್ತು, ಎರಕದಲ್ಲಿ ಒಳಗೆ ಗಾಳಿ ತೂತು ಉಳಿದಿದ್ರೆ ಒಳ್ಳೇ ಗನ್ ಮೆಟಲ್ಲೂ 8.5 ತೋರಿಸಬೋದು. ಒಳಗಿನ ತೂತಿಗೆ ಟೂತ್‌ಬ್ರಷ್ ಹೋಗಲ್ಲ. ಹಂಗಾಗಿ ಗೌಡ್ರಿಗೆ ಫೋನ್ ಮಾಡಿ, ಗನ್ ಮೆಟಲ್ ಅಲ್ಲ ಅಂತ ತೊಂಬತ್ತು ಭಾಗ ಹೇಳ್ತೀನಿ, ಉಳಿದ ಹತ್ತಕ್ಕೆ ಒಳಗಿನ ಅಂಚಲ್ಲಿ ಕೂದಲೆಳೆಯಷ್ಟು ಲೇತ್ ತಾಗಿಸೋಕೆ ಬಿಡಿ, ಅಲ್ಲಿ ಹೆಂಗೂ ಶಾಫ್ಟ್ ಉಜ್ಜಿದ ಗುರುತು ಅನ್ನಬೋದು ಅಂದೆ. ಒಪ್ಕೊಂಡ್ರು. ಇಂಡಸ್ಟ್ರಿಯಲ್ ಏರಿಯಾದಲ್ಲಿರೋ ನಮ್ಮ ಟರ್ನರ್ ಸಾಬ್ರ ಹತ್ರ ತಗೊಂಡು ಹೋದೆ. ಅವರು ಬುಷ್ ಚಕ್‌ಗೆ ಹಾಕಿ ಟೂಲ್ ಮುಟ್ಟಿಸಿದ್ರು ಅಷ್ಟೇ, ಬಿಳಿ ಕಾಗದ ಹಿಡಿದಿದ್ದೆ, ಅದರ ಮೇಲೆ ಹಳದಿ ರವೆ ಉದುರಿದ ಹಾಗೆ ಚೂರು ಬಿತ್ತು.

"ಹಿತ್ತಾಳೆ. ಸೀಸ ಇರೋದು," ಅಂದ್ರು, ಇನ್ನೂ ಮೋಟರ್ ನಿಂತಿರ್ಲಿಲ್ಲ.

"ಸೀಸ ಹೆಂಗೆ ಗೊತ್ತಾಯ್ತು ಸಾಬ್ರೆ?"

"ಸೀಸ ಇಲ್ದಿದ್ರೆ ಸುರುಳಿ ಸುರುಳಿಯಾಗಿ ಬರ್ತದೆ ಸಾರ್, ಕೈಗೆ ಸುತ್ಕೊಳ್ತದೆ. ಸೀಸ ಇದ್ರೆ ಹಿಂಗೆ ಪುಡಿ."

ಎರಡನೇ ಸಮೀಕರಣ ಅವರ ಕೈಲಿತ್ತು. ನಾನು ಎರಡು ದಿನ ನೀರಾಟ ಆಡಿದ್ದು ಇವರಿಗೆ ಹತ್ತು ಸೆಕೆಂಡಿನ ಕೆಲಸ, ಆದ್ರೆ ಗೀರೋ ಧೈರ್ಯ ಬಂದಿದ್ದು ಆ 8.46ರಿಂದ ಅಂತ ನನ್ನ ಸಮಾಧಾನಕ್ಕೆ ಹೇಳ್ಕೊತೀನಿ. ಗೌಡ್ರು ಹೋಗಿ ಗಲಾಟೆ ಮಾಡಿ ಬದಲಾಯಿಸ್ಕೊಂಡ್ರು, ಕೊಟ್ಟೋನು ಮೊದಲು ಇದೂ ಗನ್ ಮೆಟಲ್ಲೇ ಅಂತ ಸಾಧಿಸಿದನಂತೆ. ಬದಲಿ ಬಂದ ಬುಷ್‌ನ ನೇರ ನನ್ನ ಹತ್ರ ತಂದ್ರು, 8.72 ಬಂತು, ಜೊತೆಗೆ ಕಡೆದ ಮುಖ ಕೆಂಪಗಿತ್ತು, ಹಾಕ್ಕೊಳಿ ಅಂದೆ.

ಈ ಗಾತ್ರ ಕೂಡೋ ಸೂತ್ರ ಎಲ್ಲಾ ಕಡೆ ಸುಳ್ಳು ಅಂತ ಅಂದ್ಕೋಬೇಡಿ. ಎರಡು ಲೋಹ ಒಂದರೊಳಗೊಂದು ಸೇರದೆ ಬರೀ ಅಕ್ಕಪಕ್ಕ ಇದ್ರೆ ಅದು ಸರಿಯಾಗಿ ಕೆಲಸ ಮಾಡ್ತದೆ. ಕಾಪರ್ ಅಂತ ಹೇಳಿ ಮಾರೋ ಅಲ್ಯೂಮಿನಿಯಂ ತಂತಿ ಇದೆಯಲ್ಲ, ಮೇಲೆ ತಾಮ್ರದ ತೆಳು ಪದರ, ಒಳಗೆ ಅಲ್ಯೂಮಿನಿಯಂ, ಹಿಂದೊಂದು ಸಲ ನಾನೂ ಕೇಬಲ್ ತಗೊಂಡು ಮೋಸ ಹೋಗಿದ್ದೆ, ಅದರ ತುಂಡು ಇನ್ನೂ ಮೂಲೇಲಿ ಬಿದ್ದಿತ್ತು. ಎಳೆಗಳನ್ನ ಬಿಡಿಬಿಡಿಯಾಗಿ ಹರಡಿ ಕಟ್ಟಿ ತೂಗಿದೆ, 18.24ಕ್ಕೆ 5.25, ಸಾಂದ್ರತೆ 3.46. ತಾಮ್ರ ಆಗಿದ್ರೆ 8.9 ಇರ್ಬೇಕಿತ್ತು, ಗುಳ್ಳೆ ಗಿಳ್ಳೆ ಯಾವ ನೆಪವೂ ಬೇಡ. ಲೆಕ್ಕ ಹಾಕಿದ್ರೆ ತಾಮ್ರ ಗಾತ್ರದಲ್ಲಿ 12 ಪರ್ಸೆಂಟ್, ತೂಕದಲ್ಲಿ 32ರ ಹತ್ರ. ತೂಕದ ಅಂಕಿ ಕೇಳಿದ್ರೆ ಪರ್ವಾಗಿಲ್ಲ ಅನ್ಸತ್ತೆ, ಗಾತ್ರದ್ದು ನೋಡಿದ್ರೆ ಹೊಟ್ಟೆ ಉರೀತದೆ.

ಇಷ್ಟೊತ್ತಿಗೆ ದೀಪಾವಳಿ ಬಂತು, ಅಮ್ಮ ಲಕ್ಷ್ಮಿ ಪೂಜೆಗೆ ಅಂತ ಬೆಳ್ಳಿ ರೂಪಾಯಿ ಡಬ್ಬಿ ತೆಗೆದ್ರು. ಎಂಟು ನಾಣ್ಯ, ಎಲ್ಲಾ ಬ್ರಿಟಿಷರ ಕಾಲದ್ದು. ಇದನ್ನೂ ಅದ್ದಿ ನೋಡ್ಲಾ ಅಂದೆ. "ಹುಣಸೆಹಣ್ಣಲ್ಲಿ ತೊಳೆದಿಟ್ಟಿದೀನಿ, ಗ್ರೀಸ್ ಕೈಲಿ ಮುಟ್ಬೇಡ" ಅಂದ್ರು, ಕೈ ತೊಳ್ಕೊಂಡು ಮಿಷಿನ್ ಮನೆಗೇ ತಂದೆ.

ಬೆಳ್ಳಿ ರೂಪಾಯಿ ಈ ಆಟಕ್ಕೆ ಹೇಳಿ ಮಾಡಿಸಿದ್ದು. ಹೊಸದರಲ್ಲಿ ಎಲ್ಲದರ ತೂಕ 11.66 ಗ್ರಾಂ, ಆದ್ರೆ ಒಳಗೆ ಮೂರು ಥರ. 1939ರವರೆಗೆ ನೂರಕ್ಕೆ 91.7 ಭಾಗ ಬೆಳ್ಳಿ, ಉಳಿದಿದ್ದು ತಾಮ್ರ, ಅಂದ್ರೆ ಹನ್ನೆರಡರಲ್ಲಿ ಹನ್ನೊಂದು ಭಾಗ, ನಮ್ಮ 916 ಚಿನ್ನದ್ದೂ ಇದೇ ಲೆಕ್ಕ. ಯುದ್ಧದ ಟೈಮಲ್ಲಿ ಬೆಳ್ಳಿ ಸಾಲದೆ 1940ರಿಂದ ಅರ್ಧಕ್ಕೆ ಇಳಿಸಿದ್ರು, ಬೆಳ್ಳಿ 50, ತಾಮ್ರ 40, ನಿಕ್ಕಲ್ 5, ಸತು 5. 1947ರ ರೂಪಾಯಿ ಪೂರ್ತಿ ನಿಕ್ಕಲ್, ಹಿಂದೆ ಹುಲಿ ಚಿತ್ರ ಇರ್ತದೆ, ಮ್ಯಾಗ್ನೆಟ್‌ಗೆ ಟಪ್ ಅಂತ ಅಂಟ್ಕೊಳತ್ತೆ. ಬೆಳ್ಳಿ ತಾಮ್ರ ಇನ್ನೂ ಒಂದು ಅನುಕೂಲ ಮಾಡಿಕೊಡ್ತವೆ, ಕರಗಿದಾಗ ಬೆರೆತ್ರೂ ಗಟ್ಟಿ ಆದ್ಮೇಲೆ ಬಹುಪಾಲು ಬೇರೆ ಬೇರೆ ಕಣಗಳಾಗಿ ಕೂತ್ಕೊಳ್ತವೆ, ಹಂಗಾಗಿ ಗಾತ್ರ ಕೂಡೋ ಸೂತ್ರ ಇಲ್ಲಿ ನಡೀತದೆ.

ಒಂದೇ ನಾಣ್ಯ ಅದ್ದಿದ್ರೆ ಮಿಷಿನ್ ತೋರಿಸೋದು 1.12, 1.13, ಕೊನೆ ಅಂಕಿ ಒಂದು ಆಚೀಚೆ ಆದ್ರೂ ಲೆಕ್ಕ ಎಲ್ಲೋ ಹೋಗ್ತದೆ. ಅದಕ್ಕೆ ಜಾರ್ಜ್ ಐದನೆಯವನ ನಾಲ್ಕು ನಾಣ್ಯ, 1912ರಿಂದ 1919ರ ಒಳಗಿನವು, ಒಟ್ಟಿಗೆ ಸಣ್ಣ ತಂತಿ ಬುಟ್ಟೀಲಿ ಇಟ್ಟು ತೂಗಿದೆ, ಬುಟ್ಟಿದು ಮೊದಲೇ ಕಳೆದು. 46.20 ಗ್ರಾಂ, ನೀರಲ್ಲಿ 4.46, ಸಾಂದ್ರತೆ 10.33, ಬೆಳ್ಳಿ ಸುಮಾರು 91 ಪರ್ಸೆಂಟ್. ಟಂಕಸಾಲೆಯವರು ಹಾಕಿದ್ದು 91.7. ನಾನು ಕುಣಿದಾಡಿಬಿಟ್ಟೆ. ಆಮೇಲೆ ಇನ್ನೊಂದು ಸಲ ತೂಗಿದ್ರೆ 4.47 ಬಂತು, ಬೆಳ್ಳಿ 89.5ಕ್ಕೆ ಇಳೀತು. ಅಷ್ಟೇ ಈ ಮಿಷಿನ್ನಿನ ಯೋಗ್ಯತೆ, ಒಂದು ಪರ್ಸೆಂಟ್‌ಗಿಂತ ಸಣ್ಣ ಮಾತು ಆಡೋ ಹಾಗಿಲ್ಲ.

ಆರನೇ ಜಾರ್ಜ್‌ನ ಯುದ್ಧಕಾಲದ ಎರಡು ನಾಣ್ಯ, 23.10ಕ್ಕೆ 2.42, ಸಾಂದ್ರತೆ 9.52. ನಾಲ್ಕೂ ಲೋಹದ ಲೆಕ್ಕ ಹಾಕಿದ್ರೆ 9.53 ಬರ್ಬೇಕು, ಸರಿ ಹೋಯ್ತು. ಆದ್ರೆ ಇದರಲ್ಲಿ ನಿಕ್ಕಲ್ ಸತು ಇದೆ ಅಂತ ಗೊತ್ತಿಲ್ಲದೆ ಬರೀ ಬೆಳ್ಳಿ ತಾಮ್ರ ಅಂತ ಲೆಕ್ಕ ಹಾಕಿದ್ರೆ ಬೆಳ್ಳಿ 40 ಪರ್ಸೆಂಟ್ ಅಂತ ಬರ್ತದೆ. ಐದೇ ಭಾಗ ಸತು ಹತ್ತು ಭಾಗ ಬೆಳ್ಳಿ ನುಂಗಿ ಹಾಕ್ತು. ಹುಲಿ ನಾಣ್ಯಕ್ಕೆ 8.84, ನಿಕ್ಕಲ್ಲೇ.

ಉಳಿದಿದ್ದು ವಿಕ್ಟೋರಿಯಾ ರಾಣಿದು, 1862 ಅಂತ ಇತ್ತು, ಡಬ್ಬೀಲಿ ಅದಕ್ಕೇ ಮರ್ಯಾದೆ ಜಾಸ್ತಿ, ನಮ್ಮಜ್ಜಿ ಕೊಟ್ಟಿದ್ದು ಅಂತ. ಗಾಳೀಲಿ ತೂಗಿದಾಗ್ಲೇ 10.90, ಸವೆದಿರಬೋದು ಅಂದ್ಕೊಂಡೆ. ನೀರಲ್ಲಿ 1.26. ಸಾಂದ್ರತೆ 8.6. ಮೂರು ಸಲ ಮಾಡಿದೆ, ಗುಳ್ಳೆ ಒರೆಸಿ ಒರೆಸಿ. ಬೆಳ್ಳಿಯಲ್ಲಿ ತಾಮ್ರ ಎಷ್ಟೇ ಸುರಿದ್ರೂ 8.96ಕ್ಕಿಂತ ಕೆಳಗೆ ಬರೋಕೆ ಸಾಧ್ಯನೇ ಇಲ್ಲ. ಅಂದ್ರೆ ಒಳಗಿರೋದು ಹಿತ್ತಾಳೆನೋ, ತಾಮ್ರ ನಿಕ್ಕಲ್ ಸತು ಬೆರೆಸಿದ ಜರ್ಮನ್ ಸಿಲ್ವರೋ ಇನ್ನೇನೋ, ಬೆಳ್ಳಿ ಇದ್ರೆ ಮೇಲೆ ತೆಳ್ಳಗೆ ಲೇಪ ಕೊಟ್ಟಿದ್ದು ಅಷ್ಟೇ. ಏನು ಅಂತ ಹೇಳೋಕೆ ಆಗಲ್ಲ, ಏನಲ್ಲ ಅನ್ನೋದು ಗ್ಯಾರಂಟಿ.

ಅಮ್ಮನಿಗೆ ಹೇಳೋದೋ ಬೇಡ್ವೋ ಅಂತ ಅಡುಗೆಮನೆ ಬಾಗ್ಲಲ್ಲಿ ನಿಂತು, ಕೊನೆಗೆ ಹೇಳಿದೆ.

"ಗೊತ್ತು ಬಿಡು. ನಮ್ಮತ್ತೆ ಕೊಡುವಾಗ್ಲೇ ಕಲ್ಲಿನ ಮೇಲೆ ಹಾಕಿ ನೋಡಿದ್ದೆ, ಟಣ್ ಅನ್ಲಿಲ್ಲ, ಟಕ್ ಅಂತು. ನೀನೇನು ಎರಡು ಗಂಟೆಯಿಂದ ಇದನ್ನೇ ಮಾಡ್ತಿದ್ಯಾ?"

ಹಂಗಾದ್ರೆ ಚಿನ್ನದ ಬಳೆ ಕೊಡು ನೋಡ್ತೀನಿ ಅಂದೆ, ಕೊಡ್ಲಿಲ್ಲ. ಕೊಟ್ಟಿದ್ರೂ ಕಷ್ಟ ಇತ್ತು, ಹಳೇ ಬಳೆ ಒಳಗೆ ಅರಗು ತುಂಬಿರ್ತಾರೆ, ಓಲೇಲಿ ಕಲ್ಲು, ಸರದ ಗುಂಡು ಟೊಳ್ಳು. ಗಟ್ಟಿ ಉಂಗುರ ಆದ್ರೆ ನೋಡಬೋದು, ಆದ್ರೆ ಅದೇ 916 ಚಿನ್ನಕ್ಕೆ ಬರೀ ತಾಮ್ರ ಬೆರೆಸಿದ್ರೆ 17.6ರ ಹತ್ರ ಬರ್ತದೆ, ಬರೀ ಬೆಳ್ಳಿ ಬೆರೆಸಿದ್ರೆ 18.0, ಎರಡರ ಮಧ್ಯೆ ಎಲ್ಲಿ ಬಂದ್ರೂ ಅಕ್ಕಸಾಲಿಗರದ್ದು ತಪ್ಪಲ್ಲ. ಅಪ್ಪಟ ಚಿನ್ನದ ಬಿಸ್ಕತ್ತೊಳಗೆ ಟಂಗ್‌ಸ್ಟನ್ ಇಟ್ಟಿದ್ರಂತೂ ಚಿನ್ನ 19.32, ಟಂಗ್‌ಸ್ಟನ್ 19.25, ನನ್ನ ಬಾಟಲ್ ಡಬ್ಬ ಕೈ ಮುಗಿದುಬಿಡ್ತದೆ.

ಬಲಿಪಾಡ್ಯಮಿ ಕಳೀತು, ದೇವಸ್ಥಾನದ ಬಾಗ್ಲು ಹಾಕಿದ್ರು, ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಅಂಗಡಿ ಮುಂದೆ ಮೂರು ಮೋಟರ್ ಬಂದು ಬಿದ್ದಿದ್ವು. ವೈಸ್ ಬೇಕಾಯ್ತು, ಫ್ಯಾನ್ ರಾಡ್ ಬಿಚ್ಚಿ ಮೂಲೆಗೆ ಒರಗಿಸಿದೆ. ಗೌಡ್ರು ಎತ್ತಿನ ಕೊರಳ ಗಂಟೆ ಒಂದು ತಂದಿಟ್ಟು ಹೋಗಿದ್ದಾರೆ, ಕಂಚಾ ಹಿತ್ತಾಳೆನಾ ನೋಡು ಅಂತ. ಅದರ ನಾಲಿಗೆ ಕಬ್ಬಿಣದ್ದು, ಮೊದಲು ಬಿಚ್ಚಬೇಕು, ಕೊಂಡಿ ತುಕ್ಕು ಹಿಡಿದಿದೆ, ಡೀಸೆಲಲ್ಲಿ ನೆನೆ ಹಾಕಿದೀನಿ.